ನಿಮ್ಮ ಏಳು ಸ್ಥಾನಗಳು: ಕರ್ನಾಟಕದ ಪದವೀಧರರಿಗೊಂದು ಬಹಿರಂಗ ಪತ್ರ

ಪದವೀಧರ ಬಂಧುಗಳೇ,

ವಿಧಾನಸಭಾ ಚುನಾವಣೆ ಬಂದಾಗ ಬೆಳಗ್ಗೆಯೇ ಹೋಗಿ ಸರತಿಯಲ್ಲಿ ನಿಂತು ಮತ ಹಾಕಿ ಬರುವವರು ನೀವು. ಅದೇ ವಿಧಾನಸೌಧದ ಇನ್ನೊಂದು ಸದನಕ್ಕೆ ಸದಸ್ಯರನ್ನು ಕಳಿಸುವ ಹಕ್ಕೂ ನಿಮಗಿದೆ. ಆದರೆ ಅದನ್ನು ಬಳಸುವವರು ನಿಮ್ಮಲ್ಲಿ ತೀರಾ ಕಡಿಮೆ. ಪದವಿ ಪಡೆದು ಹತ್ತು ಹದಿನೈದು ವರ್ಷ ಕಳೆದರೂ ಪದವೀಧರ ಕ್ಷೇತ್ರದ ಮತದಾರರ ಪಟ್ಟಿಗೆ ಒಮ್ಮೆಯೂ ಹೆಸರು ಸೇರಿಸದವರನ್ನು ಹೋದ ಊರಿನಲ್ಲೆಲ್ಲ ಕಂಡಿದ್ದೇನೆ. ಅವರಲ್ಲಿ ಎಂಜಿನಿಯರುಗಳಿದ್ದಾರೆ, ವಕೀಲರಿದ್ದಾರೆ, ಬಿ.ಎ. ಮುಗಿಸಿ ತೋಟ ನೋಡಿಕೊಂಡಿರುವವರಿದ್ದಾರೆ, ಎಂ.ಎ. ಮಾಡಿ ಮನೆವಾರ್ತೆ ನಡೆಸುತ್ತಿರುವ ಹೆಣ್ಣುಮಕ್ಕಳಿದ್ದಾರೆ. ಕಾಲೇಜಿನಲ್ಲಿ ಪಾಠ ಹೇಳಿ ನಿವೃತ್ತನಾದ ನಾನು ನಿಮ್ಮಲ್ಲಿ ಕೆಲವರಿಗಾದರೂ ಮೇಷ್ಟ್ರಾಗಿದ್ದವನು. ಆ ಸಲಿಗೆಯಿಂದ ಈ ಪತ್ರ ಬರೆಯುತ್ತಿದ್ದೇನೆ. ಹೇಳಬೇಕಾದ ಮಾತು ಒಂದೇ. ನಿಮ್ಮ ಸ್ಥಾನಗಳನ್ನು ನೀವೇ ತುಂಬಬೇಕು. ನೀವು ಸುಮ್ಮನಿದ್ದರೆ ಬೇರೆಯವರು ತುಂಬುತ್ತಾರೆ, ಈಗಲೂ ತುಂಬುತ್ತಿದ್ದಾರೆ.

ಮೊದಲು ಎರಡು ಸದನಗಳ ಲೆಕ್ಕ ನೋಡೋಣ. ವಿಧಾನಸಭೆಯಲ್ಲಿ 224 ಸ್ಥಾನಗಳಿವೆ. ಅವುಗಳಲ್ಲಿ 36 ಪರಿಶಿಷ್ಟ ಜಾತಿಗೆ, 15 ಪರಿಶಿಷ್ಟ ಪಂಗಡಕ್ಕೆ ಮೀಸಲು. ಆಂಗ್ಲೋ ಇಂಡಿಯನ್ ಸಮುದಾಯದಿಂದ ಒಬ್ಬರನ್ನು ನಾಮಕರಣ ಮಾಡುವ ಪದ್ಧತಿ ಸಂವಿಧಾನದ 104ನೇ ತಿದ್ದುಪಡಿಯೊಂದಿಗೆ 2020ರಲ್ಲಿ ಕೊನೆಗೊಂಡಿತು. ವಿಧಾನ ಪರಿಷತ್ತಿನ ಬಲ 75. ಇದರಲ್ಲಿ 25 ಮಂದಿಯನ್ನು ವಿಧಾನಸಭೆಯ ಶಾಸಕರು ಆರಿಸುತ್ತಾರೆ. ಇನ್ನು 25 ಮಂದಿಯನ್ನು ಗ್ರಾಮ ಪಂಚಾಯಿತಿಯಿಂದ ಮಹಾನಗರ ಪಾಲಿಕೆಯವರೆಗಿನ ಸ್ಥಳೀಯ ಸಂಸ್ಥೆಗಳ ಸದಸ್ಯರು ಆರಿಸುತ್ತಾರೆ. ಸಾಹಿತ್ಯ, ಕಲೆ, ವಿಜ್ಞಾನ, ಸಹಕಾರ, ಸಮಾಜಸೇವೆಯ ಕ್ಷೇತ್ರಗಳಿಂದ 11 ಮಂದಿಯನ್ನು ರಾಜ್ಯಪಾಲರು ನಾಮಕರಣ ಮಾಡುತ್ತಾರೆ. ಉಳಿದ 14ರಲ್ಲಿ ಏಳು ಶಿಕ್ಷಕರದ್ದು, ಏಳು ನಿಮ್ಮದು. ಈಶಾನ್ಯ, ವಾಯವ್ಯ, ಪಶ್ಚಿಮ, ನೈರುತ್ಯ, ದಕ್ಷಿಣ, ಆಗ್ನೇಯ, ಬೆಂಗಳೂರು ಎಂದು ಏಳು ಕ್ಷೇತ್ರ. ಕಲಬುರಗಿ, ಬೀದರ್ ಕಡೆಯವರು ಈಶಾನ್ಯಕ್ಕೆ ಸೇರುತ್ತಾರೆ. ಧಾರವಾಡ, ಹಾವೇರಿ, ಗದಗ, ಉತ್ತರ ಕನ್ನಡದವರು ಪಶ್ಚಿಮಕ್ಕೆ, ಮಂಗಳೂರು, ಉಡುಪಿ, ಕೊಡಗು, ಶಿವಮೊಗ್ಗದವರು ನೈರುತ್ಯಕ್ಕೆ. ವಿಧಾನಸಭೆಯ ಹಾಗೆ ಈ ಸದನ ವಿಸರ್ಜನೆಯಾಗುವುದಿಲ್ಲ. ಸದಸ್ಯರ ಅವಧಿ ಆರು ವರ್ಷ, ಎರಡು ವರ್ಷಕ್ಕೊಮ್ಮೆ ಮೂರನೇ ಒಂದು ಭಾಗ ನಿವೃತ್ತಿ.

ಏಳು ಎಂದರೆ ಅಲ್ಪಸಂಖ್ಯೆ ಎನ್ನಿಸಬಹುದು. ಆದರೆ ಅದರ ಹಿಂದೆ ಕನ್ನಡ ನಾಡಿನ ದೀರ್ಘ ಚರಿತ್ರೆಯಿದೆ. ಅದನ್ನು ಅರಿಯದೆ ಈ ಸ್ಥಾನಗಳ ಬೆಲೆ ತಿಳಿಯದು.

ಐವತ್ತು ವರ್ಷ ಬ್ರಿಟಿಷ್ ಕಮಿಷನರುಗಳ ಆಡಳಿತದಲ್ಲಿದ್ದ ಮೈಸೂರು 1881ರ ಮಾರ್ಚ್‌ನಲ್ಲಿ ಹತ್ತನೆಯ ಚಾಮರಾಜೇಂದ್ರ ಒಡೆಯರ ಕೈಗೆ ಮರಳಿತು. ಅದೇ ವರ್ಷ ದಿವಾನ್ ಸಿ. ರಂಗಾಚಾರ್ಲು ಅವರು ಪ್ರಜಾಪ್ರತಿನಿಧಿ ಸಭೆ ಕರೆದರು. ಅಕ್ಟೋಬರ್ 7ರಂದು ಮೈಸೂರಿನಲ್ಲಿ ಮೊದಲ ಬಾರಿಗೆ ಸೇರಿದ ಆ ಸಭೆಯಲ್ಲಿ 144 ಮಂದಿ ಇದ್ದರು. ಹೆಚ್ಚಿನವರು ತಾಲ್ಲೂಕುಗಳಿಂದ ಬಂದ ಜಮೀನುದಾರರು, ವರ್ತಕರು. ದಿವಾನರು ಆಡಳಿತದ ವರದಿ ಒಪ್ಪಿಸುವುದು, ಪ್ರತಿನಿಧಿಗಳು ತಮ್ಮ ಕಡೆಯ ಅಹವಾಲು ಹೇಳಿಕೊಳ್ಳುವುದು, ಅಷ್ಟೇ ಅದರ ವ್ಯಾಪ್ತಿ. ಕಾನೂನು ಮಾಡುವ ಅಧಿಕಾರ ಅದಕ್ಕಿರಲಿಲ್ಲ. ಆದರೂ ದೇಶೀ ಸಂಸ್ಥಾನವೊಂದರಲ್ಲಿ ಸರ್ಕಾರ ಪ್ರಜೆಗಳ ಎದುರು ನಿಂತು ಲೆಕ್ಕ ಹೇಳುವ ರೂಢಿ ಆರಂಭವಾಗಿದ್ದು ಅಲ್ಲಿ. ಹತ್ತು ವರ್ಷಗಳ ಬಳಿಕ, ಶೇಷಾದ್ರಿ ಅಯ್ಯರ್ ದಿವಾನರಾಗಿದ್ದಾಗ, ಪ್ರತಿನಿಧಿಗಳನ್ನು ಚುನಾವಣೆಯಿಂದ ಆರಿಸುವ ಪದ್ಧತಿ ಬಂತು. ಮತದ ಹಕ್ಕು ಮಾತ್ರ ಅನುಕೂಲಸ್ಥರಾದ ಕೆಲವರಿಗಷ್ಟೇ ಇತ್ತು.

ಇಂದಿನ ವಿಧಾನ ಪರಿಷತ್ತಿನ ಬೇರು ಇರುವುದು 1907ರಲ್ಲಿ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲ, ದಿವಾನರು ವಿ.ಪಿ. ಮಾಧವರಾವ್. ಕಾನೂನು ರಚನೆಯಲ್ಲಿ ನೆರವಾಗಲು ನ್ಯಾಯವಿಧಾಯಕ ಸಭೆಯನ್ನು ಆಗ ಸ್ಥಾಪಿಸಿದರು. ಸಣ್ಣ ಸಭೆ ಅದು, ಸರ್ಕಾರವೇ ಸದಸ್ಯರನ್ನು ಆರಿಸಿ ಕೂರಿಸುತ್ತಿತ್ತು. ವಿಶ್ವೇಶ್ವರಯ್ಯನವರು ದಿವಾನರಾದ ಮೇಲೆ ಬಜೆಟ್ ಮೇಲೆ ಮಾತಾಡುವ ಅವಕಾಶ ಸಿಕ್ಕಿತು. ಮುಂದೆ ಮೈಸೂರು ವಿಶ್ವವಿದ್ಯಾನಿಲಯದ ಕುಲಪತಿಗಳಾಗಿದ್ದ ಬ್ರಜೇಂದ್ರನಾಥ ಸೀಲ್ ಅವರ ಅಧ್ಯಕ್ಷತೆಯ ಸಮಿತಿ ಸುಧಾರಣೆಗಳನ್ನು ಸೂಚಿಸಿತು. ಅದರ ಫಲವಾಗಿ 1923ರಲ್ಲಿ ನ್ಯಾಯವಿಧಾಯಕ ಸಭೆ 50 ಸದಸ್ಯರ ಸದನವಾಯಿತು, ಪ್ರಜಾಪ್ರತಿನಿಧಿ ಸಭೆಗೂ ಶಾಸನದ ಬಲ ಬಂತು. ಆಸ್ತಿಯ ಮಿತಿಯೊಳಗೇ ಆದರೂ ಹೆಣ್ಣುಮಕ್ಕಳಿಗೆ ಮತದ ಬಾಗಿಲು ತೆರೆಯಿತು. ನಮ್ಮ ಡಿ.ವಿ. ಗುಂಡಪ್ಪನವರು ನ್ಯಾಯವಿಧಾಯಕ ಸಭೆಯ ಸದಸ್ಯರಾಗಿದ್ದವರು. ಪತ್ರಕರ್ತನ ಕಣ್ಣು, ವಿದ್ವಾಂಸನ ಓದು ಶಾಸನಸಭೆಯೊಳಗೆ ಕೂತು ಕೆಲಸ ಮಾಡಿದ ಕಾಲ ಅದು.

ಈ ಪರಂಪರೆಗೆ ಸಂವಿಧಾನವೂ ಮನ್ನಣೆ ಕೊಟ್ಟಿತು. 1950ರಲ್ಲಿ ಹಳೆಯ ಸಂಸ್ಥಾನಗಳಿಂದ ರೂಪುಗೊಂಡ 'ಬಿ' ವರ್ಗದ ರಾಜ್ಯಗಳಲ್ಲಿ ಎರಡು ಸದನಗಳ ಶಾಸಕಾಂಗ ಸಿಕ್ಕಿದ್ದು ಮೈಸೂರಿಗೆ ಮಾತ್ರ. ಹೈದರಾಬಾದಿಗೂ ಸಿಗಲಿಲ್ಲ, ತಿರುವಾಂಕೂರು-ಕೊಚ್ಚಿಗೂ ಸಿಗಲಿಲ್ಲ. 1956ರ ನವೆಂಬರ್ 1ರಂದು ಮುಂಬೈ, ಹೈದರಾಬಾದ್, ಮದ್ರಾಸ್ ರಾಜ್ಯಗಳ ಕನ್ನಡ ಜಿಲ್ಲೆಗಳೂ ಕೊಡಗೂ ಮೈಸೂರಿನೊಂದಿಗೆ ಕೂಡಿಕೊಂಡಾಗ ಪರಿಷತ್ತೂ ಇಡೀ ನಾಡಿನದಾಯಿತು. ಕಲಬುರಗಿ, ರಾಯಚೂರು, ಬೀದರ್, ಮಡಿಕೇರಿಯವರಿಗೆ ರಾಜ್ಯದ ಮೇಲ್ಮನೆ ಎಂಬುದೇ ಹೊಸತು. ಅಲ್ಲಿನ ಪದವೀಧರರು ಇಂದು ಚಲಾಯಿಸುವ ಹಕ್ಕು ಏಕೀಕರಣದ ಜತೆಗೇ ಬಂದದ್ದು.

ಪದವೀಧರರಿಗೇಕೆ ಪ್ರತ್ಯೇಕ ಸ್ಥಾನ ಎಂದು ನೀವು ಕೇಳಬಹುದು. 1951ರ ಜನಗಣತಿಯ ಪ್ರಕಾರ ದೇಶದಲ್ಲಿ ಅಕ್ಷರಸ್ಥರು ನೂರಕ್ಕೆ 18ರಷ್ಟು. ಪದವಿ ಪಡೆದವರು ಊರಿಗೊಬ್ಬರೂ ಇಲ್ಲದ ಕಾಲ. ನೇರ ಚುನಾವಣೆಯ ಗದ್ದಲದಲ್ಲಿ ಗೆಲ್ಲಲಾರದ ಓದುಬಲ್ಲವರಿಗೆ, ಅಧ್ಯಾಪಕರಿಗೆ, ಪಂಚಾಯಿತಿಗಳಿಗೆ ಶಾಸಕಾಂಗದಲ್ಲಿ ಜಾಗವಿರಲೆಂದು 171ನೇ ವಿಧಿ ಈ ಹಂಚಿಕೆ ಮಾಡಿತು. ಸದಸ್ಯರಲ್ಲಿ ಹನ್ನೆರಡನೇ ಒಂದು ಭಾಗ ಪದವೀಧರರದ್ದು, ಅಷ್ಟೇ ಭಾಗ ಶಿಕ್ಷಕರದ್ದು ಎಂದು ಗೊತ್ತುಮಾಡಿತು. ಇಂದು ಪದವೀಧರರಿಲ್ಲದ ಹಳ್ಳಿಯೇ ಇಲ್ಲ. ಅಂದು ಕೆಲವೇ ಕೆಲವರ ಹಕ್ಕಾಗಿದ್ದದ್ದು ಇಂದು ಕೂಲಿಕಾರರ ಮಕ್ಕಳಿಗೂ, ಹಾಸ್ಟೆಲಿನಲ್ಲಿದ್ದು ಓದಿದ ಮೊದಲ ತಲೆಮಾರಿನವರಿಗೂ ಬಂದಿದೆ. ಹಕ್ಕು ಹೀಗೆ ಹರಡಿರುವಾಗ ಪಟ್ಟಿ ಮಾತ್ರ ಹರಡಿಲ್ಲ. ಕೋಟಿ ಮೀರಿದ ಜನಸಂಖ್ಯೆಯ ರಾಜಧಾನಿಯನ್ನು ಒಳಗೊಂಡ ಬೆಂಗಳೂರು ಪದವೀಧರ ಕ್ಷೇತ್ರದಲ್ಲಿ 2024ರ ಜೂನ್ ಚುನಾವಣೆಯ ಹೊತ್ತಿಗೆ ಮತದಾರರ ಸಂಖ್ಯೆ ಎರಡು ಲಕ್ಷವನ್ನೂ ಮುಟ್ಟಿರಲಿಲ್ಲ.

ಇದಕ್ಕೆ ಕಾರಣ ನೋಂದಣಿಯ ಕ್ರಮದಲ್ಲೇ ಇದೆ. ವಿಧಾನಸಭೆಯ ಪಟ್ಟಿಗೆ ಒಮ್ಮೆ ಸೇರಿದ ಹೆಸರು ಉಳಿದುಕೊಳ್ಳುತ್ತದೆ, ಮತಗಟ್ಟೆ ಅಧಿಕಾರಿ ಮನೆ ಬಾಗಿಲಿಗೂ ಬರುತ್ತಾರೆ. ಪದವೀಧರ ಕ್ಷೇತ್ರದ ಪಟ್ಟಿಯನ್ನು ಪ್ರತಿ ಚುನಾವಣೆಗೂ ಹೊಸದಾಗಿ ತಯಾರಿಸುತ್ತಾರೆ. ಕಳೆದ ಬಾರಿ ಮತ ಹಾಕಿದವರೂ ಮತ್ತೆ ಅರ್ಜಿ ಕೊಡಬೇಕು. ಅರ್ಹತಾ ದಿನಾಂಕ ನವೆಂಬರ್ 1. ಅದಕ್ಕೆ ಕನಿಷ್ಠ ಮೂರು ವರ್ಷ ಮೊದಲೇ ಪದವಿ ಮುಗಿದಿರಬೇಕು, ಆ ಕ್ಷೇತ್ರದಲ್ಲಿ ವಾಸವಿರಬೇಕು. ನಮೂನೆ 18ನ್ನು ತುಂಬಿ, ಪದವಿ ಪ್ರಮಾಣಪತ್ರ ಅಥವಾ ಅಂಕಪಟ್ಟಿಯ ದೃಢೀಕೃತ ಪ್ರತಿ ಜೋಡಿಸಿ ತಹಶೀಲ್ದಾರ್ ಕಚೇರಿಯಲ್ಲಿ ಕೊಡಬೇಕು. ಅಕ್ಟೋಬರ್ ಆರಂಭದಲ್ಲಿ ಪ್ರಕಟಣೆ ಹೊರಡುತ್ತದೆ, ಅರ್ಜಿ ಕೊಡಲು ನವೆಂಬರ್ ಮೊದಲ ವಾರದವರೆಗೆ ಕಾಲಾವಕಾಶ, ಡಿಸೆಂಬರ್ ಕೊನೆಗೆ ಅಂತಿಮ ಪಟ್ಟಿ. ದಸರೆ, ದೀಪಾವಳಿಯ ನಡುವೆ ಬರುವ ಆ ಪ್ರಕಟಣೆ ಪತ್ರಿಕೆಯ ಒಳಪುಟದಲ್ಲಿ ಕಳೆದುಹೋಗುತ್ತದೆ.

ನಿಮಗೆ ಕಾಣದ ಪ್ರಕಟಣೆ ಆಕಾಂಕ್ಷಿಗಳಿಗೆ ಮಾತ್ರ ಚೆನ್ನಾಗಿ ಕಾಣುತ್ತದೆ. ಅವರ ಕಡೆಯವರು ನಮೂನೆಗಳ ಕಟ್ಟು ಹಿಡಿದು ಕಾಲೇಜು, ಬ್ಯಾಂಕು, ಸೊಸೈಟಿಗಳಿಗೆ ಹೋಗುತ್ತಾರೆ. ಅರ್ಜಿಗಳನ್ನು ರಾಶಿಯಾಗಿ ತಂದು ಒಪ್ಪಿಸುವುದಕ್ಕೆ ಚುನಾವಣಾ ಆಯೋಗ ಅವಕಾಶ ಕೊಡುವುದಿಲ್ಲ. ಕುಟುಂಬದವರು ಮನೆಯವರ ಅರ್ಜಿ ಕೊಡಬಹುದು, ಸಂಸ್ಥೆಯ ಮುಖ್ಯಸ್ಥರು ತಮ್ಮ ಸಿಬ್ಬಂದಿಯದ್ದನ್ನು ಕಳಿಸಬಹುದು. ಹಾಗಿದ್ದರೂ ಪಟ್ಟಿಗೆ ಯಾರು ಬರಬೇಕೆಂಬುದನ್ನು ಬಹಳ ಕಡೆ ಆಕಾಂಕ್ಷಿಗಳ ಓಡಾಟವೇ ತೀರ್ಮಾನಿಸುತ್ತಿದೆ. ಮತದಾರರು ತಮ್ಮ ಪ್ರತಿನಿಧಿಯನ್ನು ಆರಿಸಬೇಕಾದ ಕಡೆ ಪ್ರತಿನಿಧಿಯಾಗಲು ಹೊರಟವರೇ ಮತದಾರರನ್ನು ಆರಿಸಿಕೊಳ್ಳುತ್ತಿದ್ದಾರೆ. ಇದರ ಜತೆಗೆ ಇನ್ನೊಂದು ಸಂಗತಿ ನಿಮಗೆ ತಿಳಿದಿರಲಿ. ಲೋಕಸಭೆಗೂ ವಿಧಾನಸಭೆಗೂ ನಿಲ್ಲುವ ಅಭ್ಯರ್ಥಿಯ ವೆಚ್ಚಕ್ಕೆ ಕಾನೂನಿನ ಮಿತಿ ಇದೆ, ಪರಿಷತ್ ಅಭ್ಯರ್ಥಿಗೆ ಅಂಥ ಮಿತಿಯೇ ಇಲ್ಲ. ಮತದಾರರು ಕಡಿಮೆ, ಖರ್ಚಿಗೆ ತಡೆ ಇಲ್ಲ ಎಂದಾಗ ದುಡ್ಡಿನ ಪ್ರಭಾವ ಎಷ್ಟಿರಬಹುದೆಂದು ನೀವೇ ಯೋಚಿಸಿ. ಪದವೀಧರ ಕ್ಷೇತ್ರಕ್ಕೆ ನಿಲ್ಲುವವರು ಪದವೀಧರರೇ ಆಗಿರಬೇಕೆಂಬ ನಿಯಮವೂ ಇಲ್ಲ. ಮದ್ರಾಸಿನ ಪ್ರಕರಣವೊಂದರಲ್ಲಿ 1972ರಲ್ಲೇ ಸುಪ್ರೀಂ ಕೋರ್ಟ್ ಹಾಗೆ ತೀರ್ಪು ಕೊಟ್ಟಿದೆ. ಹಾಗಾಗಿ ಅಭ್ಯರ್ಥಿ ಎಂಥವರಿರಬೇಕು ಎಂಬುದನ್ನು ಕಾಯುವವರು ನೀವೇ.

ಪಟ್ಟಿಗೆ ಹೆಸರು ಸೇರಿಸಿದರೂ ಕೆಲಸ ಮುಗಿಯುವುದಿಲ್ಲ. ನೌಕರಿಯಲ್ಲಿದ್ದಾಗ ಈ ಚುನಾವಣೆಯ ಎಣಿಕೆ ಟೇಬಲ್ಲಿನಲ್ಲಿ ಕೂತವನು ನಾನು. ಇಲ್ಲಿ ಮತಯಂತ್ರವಿಲ್ಲ, ಕಾಗದದ ಮತಪತ್ರ. ಮತಗಟ್ಟೆಯಲ್ಲಿ ಕೊಡುವ ನೇರಳೆ ಬಣ್ಣದ ಸ್ಕೆಚ್ ಪೆನ್ನಿನಿಂದಲೇ ಅಭ್ಯರ್ಥಿಯ ಹೆಸರಿನ ಎದುರು 1, 2, 3 ಎಂದು ಪ್ರಾಶಸ್ತ್ಯದ ಅಂಕಿ ಬರೆಯಬೇಕು. ಕಟ್ಟು ಬಿಚ್ಚಿ ಒಂದೊಂದೇ ಮತಪತ್ರ ಹರಡುತ್ತಾ ಹೋದಂತೆ ಮನಸ್ಸು ಕುಗ್ಗುತ್ತಿತ್ತು. ಒಂದರಲ್ಲಿ ಅಂಕಿಯ ಬದಲು ರೈಟ್ ಗುರುತು. ಇನ್ನೊಂದರಲ್ಲಿ 'ಒಂದು' ಎಂದು ಅಕ್ಷರದಲ್ಲಿ ಬರೆದದ್ದು. ಮತ್ತೊಂದರಲ್ಲಿ ಇಬ್ಬರ ಎದುರೂ 1. ಒಂದರ ಕೆಳಗೆ ಬ್ಯಾಂಕ್ ಚೆಕ್ಕಿಗೆ ಹಾಕುವಷ್ಟು ಅಚ್ಚುಕಟ್ಟಾದ ಸಹಿ. ಕೆಲವರು ಜೇಬಿನ ಬಾಲ್ ಪೆನ್ನಿನಿಂದಲೇ ಬರೆದಿದ್ದರು. ಇವೆಲ್ಲ ಅಸಿಂಧು, ಎಲ್ಲವೂ ಪದವೀಧರರ ಕೈಯಿಂದ ಬಂದವು. ಅಂಕಿಯನ್ನು ಕನ್ನಡದಲ್ಲಿ ೧, ೨, ೩ ಎಂದೂ ಬರೆಯಬಹುದು, ಭಾರತೀಯ ಭಾಷೆಗಳ ಅಂಕಿಗಳಿಗೆ ಮಾನ್ಯತೆ ಇದೆ. ಅಕ್ಷರ, ಸಹಿ, ಬೇರೆ ಯಾವುದೇ ಗುರುತು ಕೂಡದು. ಒಬ್ಬರ ಎದುರಿಗಷ್ಟೇ 1 ಇರಬೇಕು.

ಎರಡನೆಯ ಪ್ರಾಶಸ್ತ್ಯವನ್ನು ಖಾಲಿ ಬಿಡಬೇಡಿ. ಸಿಂಧುವಾದ ಮತಗಳಲ್ಲಿ ಅರ್ಧಕ್ಕಿಂತ ಹೆಚ್ಚು ಬಂದವರು ಗೆಲ್ಲುತ್ತಾರೆ. ಮೊದಲ ಸುತ್ತಿನಲ್ಲಿ ಯಾರಿಗೂ ಅಷ್ಟು ಬಾರದಿದ್ದರೆ ಕೊನೆಯ ಸ್ಥಾನದಲ್ಲಿರುವವರನ್ನು ಕೈಬಿಟ್ಟು, ಅವರ ಮತಪತ್ರಗಳಲ್ಲಿರುವ ಮುಂದಿನ ಪ್ರಾಶಸ್ತ್ಯವನ್ನು ಆಯಾ ಅಭ್ಯರ್ಥಿಗೆ ಸೇರಿಸುತ್ತಾರೆ. ಹೀಗೆ ಸುತ್ತಿನ ಮೇಲೆ ಸುತ್ತು ನಡೆದು ಎಣಿಕೆ ಮರುದಿನಕ್ಕೆ ಹೋದದ್ದುಂಟು. ಹಣವಿಲ್ಲದ, ಪಕ್ಷದ ಬಲವಿಲ್ಲದ ಒಳ್ಳೆಯವರಿಗೆ ಧೈರ್ಯವಾಗಿ 1 ಕೊಟ್ಟು, ಗೆಲ್ಲಬಲ್ಲವರಲ್ಲಿ ವಾಸಿ ಎನ್ನಿಸಿದವರಿಗೆ 2 ಕೊಡಬಹುದು. ಮತ ವ್ಯರ್ಥವಾಯಿತೆಂಬ ಭಯ ಈ ಪದ್ಧತಿಯಲ್ಲಿ ಬೇಕಿಲ್ಲ. ಇಂಥ ಅನುಕೂಲ ವಿಧಾನಸಭಾ ಚುನಾವಣೆಯಲ್ಲಿಲ್ಲ.

ಇಷ್ಟೆಲ್ಲ ಮಾಡಿ ಕಳಿಸಿದವರು ಅಲ್ಲಿ ಹೋಗಿ ಮಾಡುವುದೇನು ಎಂಬ ಪ್ರಶ್ನೆ ನ್ಯಾಯವಾದದ್ದೇ. ಪರಿಷತ್ತಿನ ಅಧಿಕಾರಕ್ಕೆ ಮಿತಿಗಳಿವೆ. ಹಣಕಾಸು ಮಸೂದೆಯನ್ನು 14 ದಿನಗಳಿಗಿಂತ ಹೆಚ್ಚು ಇಟ್ಟುಕೊಳ್ಳುವಂತಿಲ್ಲ. ಸಾಮಾನ್ಯ ಮಸೂದೆಯನ್ನು ಮೊದಲ ಬಾರಿಗೆ ಮೂರು ತಿಂಗಳು, ವಿಧಾನಸಭೆ ಮತ್ತೆ ಅಂಗೀಕರಿಸಿ ಕಳಿಸಿದರೆ ಇನ್ನೊಂದು ತಿಂಗಳು ತಡೆಯಬಹುದು, ಅಷ್ಟೇ. ಸರ್ಕಾರವನ್ನು ಬೀಳಿಸುವ ಅಧಿಕಾರ ಇಲ್ಲ. ಆದರೆ ಆ ನಾಲ್ಕು ತಿಂಗಳನ್ನು ಹಗುರವಾಗಿ ಕಾಣಬೇಡಿ. 2020ರ ಡಿಸೆಂಬರ್‌ನಲ್ಲಿ ಬಿಜೆಪಿ ಸರ್ಕಾರದ ಗೋಹತ್ಯೆ ನಿಷೇಧ ಮಸೂದೆ ವಿಧಾನಸಭೆಯಲ್ಲಿ ಪಾಸಾದರೂ ಪರಿಷತ್ತಿನಲ್ಲಿ ಬಹುಮತವಿಲ್ಲದೆ ನಿಂತಿತು. ಸರ್ಕಾರ ಸುಗ್ರೀವಾಜ್ಞೆಯ ಮೊರೆ ಹೋಯಿತು, ಫೆಬ್ರುವರಿಯಲ್ಲಷ್ಟೇ ಮಸೂದೆ ಅಲ್ಲಿ ದಾಟಿತು. 2024ರ ಫೆಬ್ರುವರಿಯಲ್ಲಿ ಕಾಂಗ್ರೆಸ್ ಸರ್ಕಾರ ತಂದ ಹಿಂದೂ ಧಾರ್ಮಿಕ ಸಂಸ್ಥೆಗಳ ತಿದ್ದುಪಡಿ ಮಸೂದೆಯನ್ನು ಪರಿಷತ್ತು ತಿರಸ್ಕರಿಸಿತು. ವಿಧಾನಸಭೆ ಎರಡನೆಯ ಬಾರಿ ಅಂಗೀಕರಿಸಿದ ಮೇಲೆ ಅದು ಪಾಸಾಯಿತು. ಆ ಮಸೂದೆಗಳ ಬಗ್ಗೆ ನಿಮ್ಮ ಅಭಿಪ್ರಾಯ ಏನೇ ಇರಲಿ, ಯಾವ ಪಕ್ಷದ ಸರ್ಕಾರವಾದರೂ ಇನ್ನೊಮ್ಮೆ ಉತ್ತರ ಹೇಳಬೇಕಾದ ಜಾಗ ಇದು.

ಆ ಜಾಗದಲ್ಲಿ ಕೂತವರ ಯೋಗ್ಯತೆ ಮುಖ್ಯವಾಗುವುದು ಇದಕ್ಕೇ. ಕವಿ ಸಿದ್ಧಲಿಂಗಯ್ಯನವರು ಎರಡು ಅವಧಿಗೆ ಪರಿಷತ್ ಸದಸ್ಯರಾಗಿದ್ದರು. ದಲಿತ ಕೇರಿಯ ನೋವನ್ನು ಕಾವ್ಯದಲ್ಲಿ ಹೇಳಿದ ಅವರಿಗೆ ಶಾಸಕಾಂಗದ ಒಳಗೂ ಮಾತಾಡುವ ಅವಕಾಶ ಕೊಟ್ಟದ್ದು ಈ ಸದನ. ಪಶ್ಚಿಮ ಶಿಕ್ಷಕರ ಕ್ಷೇತ್ರದ ಮತದಾರರು 1980ರಿಂದ ಬಸವರಾಜ ಹೊರಟ್ಟಿಯವರನ್ನು ಎಂಟು ಬಾರಿ ಆರಿಸಿದ್ದಾರೆ. ಪದವೀಧರ ಕ್ಷೇತ್ರಗಳಿಂದ ಎಚ್.ಕೆ. ಪಾಟೀಲರು, ಡಿ.ಎಚ್. ಶಂಕರಮೂರ್ತಿಯವರು ದೀರ್ಘಕಾಲ ಸದಸ್ಯರಾಗಿದ್ದರು. ಇದೇ ಸದನದಲ್ಲಿ 2020ರ ಡಿಸೆಂಬರ್ 15ರಂದು ಉಪಸಭಾಪತಿಯನ್ನು ಪೀಠದಿಂದ ಎಳೆದಿಳಿಸಿದ್ದನ್ನೂ ದೇಶ ನೋಡಿತು. ಚಿಂತಕರ ಚಾವಡಿ ಎಂದು ಹೆಸರಾದ ಮನೆ ಅದು. ಅಂಥ ದೃಶ್ಯ ಮರುಕಳಿಸಬಾರದು ಎಂದಾದರೆ ಅಲ್ಲಿಗೆ ಯಾರನ್ನು ಕಳಿಸುತ್ತೇವೆ ಎಂಬುದರಿಂದಲೇ ಆರಂಭಿಸಬೇಕು.

ಪರಿಷತ್ತನ್ನೇ ರದ್ದು ಮಾಡಿ ಎನ್ನುವವರಿದ್ದಾರೆ. ಸೋತವರಿಗೆ ಹಿಂಬಾಗಿಲು, ಬೊಕ್ಕಸಕ್ಕೆ ಹೊರೆ, ಓದಿದವರಿಗೆ ಹೆಚ್ಚುವರಿ ಮತ ಏಕೆ ಎಂಬುದು ಅವರ ವಾದ. ಪಶ್ಚಿಮ ಬಂಗಾಳ 1969ರಲ್ಲಿ, ತಮಿಳುನಾಡು 1986ರಲ್ಲಿ ಪರಿಷತ್ತನ್ನು ಕೈಬಿಟ್ಟವು. ಆಂಧ್ರಪ್ರದೇಶ 1985ರಲ್ಲಿ ರದ್ದು ಮಾಡಿ 2007ರಲ್ಲಿ ಮತ್ತೆ ಕಟ್ಟಿತು. ಇಂದು ಆರು ರಾಜ್ಯಗಳಲ್ಲಿ ಮಾತ್ರ ಮೇಲ್ಮನೆ ಉಳಿದಿದೆ. ಈ ಟೀಕೆಗಳನ್ನು ನಾನು ತಳ್ಳಿಹಾಕುವುದಿಲ್ಲ. ನನ್ನ ಮನೆಯಲ್ಲಿ ದುಡಿಯುವ ಹೆಣ್ಣುಮಗಳಿಗೆ ಇಲ್ಲದ ಒಂದು ಮತ ನನಗಿದೆ ಎಂಬುದು ನನ್ನನ್ನು ಕಾಡುವ ಸಂಗತಿ. ಹೆಚ್ಚಿಗೆ ಸಿಕ್ಕ ಈ ಮತವನ್ನು ಅವಳ ಮಗುವಿನ ಸರ್ಕಾರಿ ಶಾಲೆಗಾಗಿ ಬಳಸಿದರೆ ಅದನ್ನು ಸಮರ್ಥಿಸಲು ಮುಖವಿರುತ್ತದೆ. ಬಳಸದೆ ಬಿಟ್ಟರೆ, ರದ್ದು ಮಾಡಿ ಎನ್ನುವವರಿಗೆ ಉತ್ತರ ಕೊಡಲು ನಮಗೆ ಬಾಯಿಲ್ಲ.

ಆದ್ದರಿಂದ ಮತ ಕೇಳಲು ಬಂದವರನ್ನು ಪ್ರಶ್ನಿಸಿ. ಸರ್ಕಾರಿ ಕಾಲೇಜುಗಳು ಅತಿಥಿ ಉಪನ್ಯಾಸಕರ ಹೆಗಲ ಮೇಲೆ ನಡೆಯುತ್ತಿರುವುದರ ಬಗ್ಗೆ ಏನು ಹೇಳುತ್ತೀರಿ? 545 ಪಿಎಸ್‌ಐ ಹುದ್ದೆಗಳ ನೇಮಕಾತಿ ಅಕ್ರಮದಿಂದಾಗಿ 2022ರಲ್ಲಿ ರದ್ದಾಯಿತು. 2024ರ ಆಗಸ್ಟ್‌ನಲ್ಲಿ ಕೆಪಿಎಸ್‌ಸಿ ನಡೆಸಿದ ಕೆಎಎಸ್ ಪೂರ್ವಭಾವಿ ಪರೀಕ್ಷೆಯ ಕನ್ನಡ ಅನುವಾದದ ತಪ್ಪುಗಳಿಂದಾಗಿ ಡಿಸೆಂಬರ್‌ನಲ್ಲಿ ಮರುಪರೀಕ್ಷೆ ನಡೆಯಿತು. ಕನ್ನಡದಲ್ಲಿ ಓದಿ ಬಂದ ಪದವೀಧರನಿಗೆ ಕನ್ನಡ ನಾಡಿನಲ್ಲೇ ಹೀಗಾಗುವಾಗ ಪದವೀಧರರ ಪ್ರತಿನಿಧಿ ಏನು ಮಾಡಬೇಕು? ಹಿಂದಿನ ಅವಧಿಯ ಸದಸ್ಯರೇ ಮತ್ತೆ ನಿಂತಿದ್ದರೆ ಸದನದಲ್ಲಿ ಕೇಳಿದ ಪ್ರಶ್ನೆಗಳ ಪಟ್ಟಿ ಕೊಡಿ ಎನ್ನಿ. ಕಲಾಪದ ನಡಾವಳಿಗಳು ಸಾರ್ವಜನಿಕ ದಾಖಲೆ, ಯಾರು ಬೇಕಾದರೂ ಓದಬಹುದು. ಉಡುಗೊರೆ ತಂದವರಿಗೆ ಬಾಗಿಲಿನಿಂದಲೇ ನಮಸ್ಕಾರ ಹೇಳಿ ಕಳಿಸಿ.

2020ರಲ್ಲಿ ಆಯ್ಕೆಯಾದ ಪಶ್ಚಿಮ ಮತ್ತು ಆಗ್ನೇಯ ಪದವೀಧರ ಕ್ಷೇತ್ರಗಳ ಸದಸ್ಯರ ಅವಧಿ 2026ಕ್ಕೆ ಮುಗಿಯುತ್ತದೆ. 2022ರಲ್ಲಿ ಚುನಾವಣೆ ಕಂಡ ವಾಯವ್ಯ, ದಕ್ಷಿಣ ಕ್ಷೇತ್ರಗಳದ್ದು 2028ಕ್ಕೆ, 2024ರಲ್ಲಿ ಮತ ಹಾಕಿದ ಈಶಾನ್ಯ, ನೈರುತ್ಯ, ಬೆಂಗಳೂರಿನದ್ದು 2030ಕ್ಕೆ. ನಿಮ್ಮ ಕ್ಷೇತ್ರ ಯಾವುದೆಂದು ಇಂದೇ ನೋಡಿಕೊಳ್ಳಿ. ಪದವಿ ಪ್ರಮಾಣಪತ್ರದ ಪ್ರತಿಯನ್ನು ದೃಢೀಕರಿಸಿ ಸಿದ್ಧವಾಗಿಡಿ. ಅಂತಿಮ ಪಟ್ಟಿ ಹೊರಬಿದ್ದ ಮೇಲೂ ನಾಮಪತ್ರ ಸಲ್ಲಿಕೆಯ ಗಡುವು ಹತ್ತಿರ ಬರುವವರೆಗೆ ಹೆಸರು ಸೇರಿಸಲು ಅವಕಾಶವಿರುತ್ತದೆ, ತಡವಾಯಿತೆಂದು ಕೈಚೆಲ್ಲಬೇಡಿ. ಯಾರ ಕೈಗೂ ಅರ್ಜಿ ಕೊಡದೆ ನೀವೇ ತಾಲ್ಲೂಕು ಕಚೇರಿಗೆ ಹೋಗಿ ಸ್ವೀಕೃತಿ ಪಡೆಯಿರಿ. ಮನೆಯಲ್ಲಿ ಪದವಿ ಪಡೆದ ಹೆಂಡತಿ, ಅಕ್ಕ, ಸೊಸೆ, ಮಗಳು ಇದ್ದರೆ ಅವರ ಅರ್ಜಿಯನ್ನೂ ತುಂಬಿಸಿ, ಬೀದಿಯಲ್ಲಿರುವ ಇತರ ಪದವೀಧರರಿಗೂ ತಿಳಿಸಿ. ಒಬ್ಬೊಬ್ಬರು ಐದೈದು ಜನರಿಗೆ ಹೇಳಿದರೂ ಆಕಾಂಕ್ಷಿಗಳು ಕಟ್ಟಿಕೊಂಡ ಪಟ್ಟಿ ನಿಮ್ಮ ಮುಂದೆ ಚಿಕ್ಕದಾಗುತ್ತದೆ. ಆಗ ಆ ಏಳು ಸ್ಥಾನಗಳಿಗೆ ಯಾರು ಹೋಗಬೇಕೆಂದು ತೀರ್ಮಾನಿಸುವವರು ನೀವೇ.

ಇಂತಿ ನಿಮ್ಮ ವಿಶ್ವಾಸಿ,
ನಿವೃತ್ತ ಕಾಲೇಜು ಅಧ್ಯಾಪಕ